ಲಂಟಾನ ಬಂದ ದಾರಿ

ಕೊಡಗಿನ ಕಾಡುಗಳಲ್ಲಿ ಹಬ್ಬಿದ ಲಂಟಾನವನ್ನು ಕುರಿತು ಎಚ್. ಟೈರ್‌ಮನ್ ಎಂಬ ಅರಣ್ಯಾಧಿಕಾರಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಬರೆದದ್ದು 1916ರಲ್ಲಿ. ಅದೇ ವರ್ಷ ವೈ. ರಾಮಚಂದ್ರ ರಾವ್ ಎಂಬ ಕೀಟಶಾಸ್ತ್ರಜ್ಞರು, ಈ ಗಿಡವನ್ನು ತಿಂದು ಹತೋಟಿಯಲ್ಲಿಡಬಲ್ಲ ಹುಳಗಳು ನಮ್ಮ ನೆಲದಲ್ಲೇ ಇವೆಯೇ ಎಂಬ ಹುಡುಕಾಟಕ್ಕೆ ತೊಡಗಿದರು. ಭಾರತ ಮತ್ತು ಬರ್ಮಾಗಳಲ್ಲಿ 1919ರವರೆಗೂ ನಡೆದ ಆ ಸಮೀಕ್ಷೆಯಲ್ಲಿ ಲಂಟಾನದ ಮೇಲೆ 148 ಬಗೆಯ ಕೀಟಗಳು ಸಿಕ್ಕವು. ಗಿಡವನ್ನು ಮಣಿಸುವಷ್ಟು ಹಸಿವಿನವು ಅವುಗಳಲ್ಲಿ ಇರಲಿಲ್ಲ ಎಂಬುದು ಮುಂದಿನ ನೂರು ವರ್ಷಗಳಲ್ಲಿ ಎಲ್ಲರಿಗೂ ಕಂಡಿದೆ. 1933ರಲ್ಲಿ, ಬೆಂಗಳೂರಿನಿಂದ ಹೊರಡಲು ಶುರುವಾಗಿ ಇನ್ನೂ ವರ್ಷ ತುಂಬಿರದಿದ್ದ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಎ.ವಿ. ವರದರಾಜ ಅಯ್ಯಂಗಾರ್ ಲಂಟಾನದ ಸಮಸ್ಯೆಯ ಬಗ್ಗೆಯೇ ಒಂದು ಲೇಖನ ಬರೆದರು. ಎಂದರೆ ಈ ಗಿಡ ನಮಗೆ ತಿಳಿಯದಂತೆ ಕಾಡಿಗೆ ನುಗ್ಗಿದ್ದಲ್ಲ. ಅರಣ್ಯ ಇಲಾಖೆ, ಕೃಷಿ ಇಲಾಖೆ, ವಿಜ್ಞಾನ ಸಂಸ್ಥೆಗಳು ಎಲ್ಲವೂ ಕಣ್ಣು ಬಿಟ್ಟು ನೋಡುತ್ತಿದ್ದಾಗಲೇ ಅದು ಹಬ್ಬಿತು. ಇಂದು ಭಾರತದ 1,54,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡಿನಲ್ಲಿ ಲಂಟಾನ ಬೇರೂರಿದೆ ಎಂದು 2020ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಅಧ್ಯಯನ ಲೆಕ್ಕ ಕೊಟ್ಟಿದೆ. ಅದು ಕರ್ನಾಟಕದ ಒಟ್ಟು ವಿಸ್ತೀರ್ಣದ ಮುಕ್ಕಾಲು ಪಾಲಿಗೂ ಮಿಗಿಲು. ಇಷ್ಟು ಮೊದಲೇ ಗೊತ್ತಿದ್ದೂ ಯಾಕೆ ತಡೆಯಲಾಗಲಿಲ್ಲ ಎಂಬ ಪ್ರಶ್ನೆಗೆ ಸಸ್ಯಶಾಸ್ತ್ರವೊಂದೇ ಉತ್ತರ ಕೊಡಲಾರದು. ಗಿಡದ ಗುಣಕ್ಕಿಂತ ಹೆಚ್ಚಾಗಿ ನಾವು ಕಾಡನ್ನು ಆಳಿದ ರೀತಿಯೇ ಲಂಟಾನಕ್ಕೆ ದಾರಿ ಮಾಡಿಕೊಟ್ಟಿತು, ಹಾಗಾಗಿ ಅದರ ಕಥೆಯನ್ನು ಕಾಡಿನ ಆಡಳಿತದ ಚರಿತ್ರೆಯಾಗಿ ಓದಬೇಕು ಎಂಬುದು ಈ ಬರಹದ ವಾದ.

ಲಂಟಾನದ ತವರು ಅಮೆರಿಕ ಖಂಡದ ಉಷ್ಣವಲಯ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಅದನ್ನು ಬ್ರೆಜಿಲ್‌ನಿಂದ ಯೂರೋಪಿಗೆ ಒಯ್ದರು. ಅಲ್ಲಿನ ಗಾಜಿನ ಮನೆಗಳಲ್ಲಿ ತೋಟಗಾರರು ಒಂದು ಬಗೆಗೆ ಇನ್ನೊಂದನ್ನು ಬೆರೆಸಿ ಹಳದಿ, ಕೆಂಪು, ಗುಲಾಬಿ, ಬಿಳಿ ಬಣ್ಣಗಳ ಹೂಗೊಂಚಲು ಬಿಡುವ ಹೊಸ ಹೊಸ ತಳಿಗಳನ್ನು ಎಬ್ಬಿಸಿದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಹೀಗೆ ಬೆರಕೆಗೊಂಡು ಗಟ್ಟಿಯಾದ ಗಿಡ. ಹೂವಿಗೆಂದು, ಬೇಲಿಗೆಂದು ಅದು ಬಂಗಲೆಯಿಂದ ಬಂಗಲೆಗೆ, ದಂಡುಪ್ರದೇಶದಿಂದ ತೋಟಕ್ಕೆ ದಾಟಿತು. ದನ ಬಾಯಿ ಹಾಕದ, ನೀರು ಕೇಳದ, ಕಡಿದಷ್ಟೂ ಚಿಗುರುವ ಬೇಲಿ ಯಾರಿಗೆ ಬೇಡ? ಒಂದು ಗಿಡ ವರ್ಷಕ್ಕೆ 12,000ದಷ್ಟು ಹಣ್ಣು ಬಿಡಬಲ್ಲದು. ಪಿಕಳಾರಗಳು ಅದನ್ನು ತಿಂದು ಬೀಜವನ್ನು ಮರದಡಿ, ಬೇಲಿಯಡಿ ಉದುರಿಸುತ್ತವೆ. ಇಷ್ಟೆಲ್ಲ ಇದ್ದರೂ ಲಂಟಾನಕ್ಕೆ ಒಂದು ದೌರ್ಬಲ್ಯವಿದೆ. ದಟ್ಟ ನೆರಳನ್ನು ಅದು ತಾಳದು. ಮೇಲೆ ಎಲೆಗಳ ಚಪ್ಪರ ಮುಚ್ಚಿಕೊಂಡ ನಿತ್ಯಹರಿದ್ವರ್ಣ ಕಾಡಿನೊಳಗೆ ಅದು ಸೊರಗಿ ನಿಲ್ಲುತ್ತದೆ, ಬೆಳಕು ಬಿದ್ದ ಕಡೆ ಮೆಳೆ ಕಟ್ಟುತ್ತದೆ. ಆದ್ದರಿಂದ ಅದು ಎಲ್ಲಿ ಬಂತು ಎಂದು ಕೇಳುವವರು ಕಾಡಿನ ಚಪ್ಪರವನ್ನು ಯಾರು, ಯಾವಾಗ ತೆರೆದರು ಎಂದು ಮೊದಲು ಕೇಳಬೇಕಾಗುತ್ತದೆ.

ಕೊಡಗು ಮತ್ತು ಮೈಸೂರಿನ ಮಟ್ಟಿಗೆ ಆ ಉತ್ತರ ಕಷ್ಟದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಕೊಡಗಿನಲ್ಲಿ ಕಾಫಿಗೆಂದು ಕಾಡು ಕಡಿಯಲಾಯಿತು. ತೇಗಕ್ಕಾಗಿ, ರೈಲು ಹಳಿಯಡಿಯ ದಿಮ್ಮಿಗಾಗಿ ಮರ ಉರುಳಿದವು. ಕಡಿದ ಮೇಲೆ ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟ ನೆಡುತೋಪುಗಳು ಎದ್ದವು. ದಿಮ್ಮಿ ಸಾಗಿಸಲು ಗಾಡಿದಾರಿ ಬೇಕಾದವು, ಪ್ರತಿ ದಾರಿಯ ಎರಡೂ ಅಂಚಿಗೆ ಬೆಳಕು ಬಿತ್ತು. ಇದರ ಜೊತೆಗೆ ಗಂಧದ ಮರದ ಕಥೆಯೂ ಹೆಣೆದುಕೊಂಡಿದೆ. ಗಂಧದ ಸಸಿ ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ಸಾರ ಹೀರುವ ಅರೆ ಪರಾವಲಂಬಿ. ಲಂಟಾನದ ಬೇರೂ ಅದಕ್ಕೆ ಒದಗುತ್ತದೆ. ಮುಳ್ಳುಪೊದೆಯೊಳಗೆ ಮೊಳೆತ ಗಂಧವನ್ನು ದನ, ಜಿಂಕೆ ಮೇಯುವುದಿಲ್ಲ. ಹೀಗಾಗಿ ಗಂಧವನ್ನು ಬೊಕ್ಕಸವೆಂದೇ ಎಣಿಸಿದ್ದ ಅರಣ್ಯಾಧಿಕಾರಿಗಳಿಗೆ ಲಂಟಾನ ಮೊದಮೊದಲು ಪೂರಾ ಶತ್ರುವಾಗಿ ಕಾಣಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಗಂಧದ ಮರಕ್ಕೆ ಸ್ಪೈಕ್ ರೋಗ ತಗುಲಿದ್ದು ಕಂಡುಬಂತು. ಎಲೆ ಚಿಕ್ಕದಾಗಿ, ರೆಂಬೆ ಮುಳ್ಳಿನ ಗೊಂಚಲಿನಂತಾಗಿ ಮರ ಸಾಯುವ ಈ ರೋಗಕ್ಕೆ ಲಂಟಾನವೇ ಕಾರಣವೇ ಎಂಬ ಅನುಮಾನ ಆಗ ಎದ್ದಿತು. ಅದು ಕೋಶಭಿತ್ತಿಯಿಲ್ಲದ ಸೂಕ್ಷ್ಮಾಣುವಿನ ಕೆಲಸ ಎಂದು ಗೊತ್ತಾದದ್ದು 1969ರಲ್ಲಿ. ಒಂದೇ ಗಿಡವನ್ನು ಒಮ್ಮೆ ದಾದಿ ಎಂದು, ಮತ್ತೊಮ್ಮೆ ವಿಷಗಾರ್ತಿ ಎಂದು ಕಂಡ ಆ ಕಾಲದ ಗೊಂದಲದಲ್ಲಿ ಒಂದು ನಿಜ ಅಡಗಿದೆ: ಲಂಟಾನವನ್ನು ಅಳೆದದ್ದು ಕಾಡಿನ ದೃಷ್ಟಿಯಿಂದಲ್ಲ, ಒಂದು ಮರದ ಆದಾಯದ ದೃಷ್ಟಿಯಿಂದ. ಹುಲ್ಲು, ಬಿದಿರು, ಗೆಡ್ಡೆಗಳ ಗತಿ ಏನಾಯಿತು ಎಂಬುದು ಲೆಕ್ಕದ ಪುಸ್ತಕಕ್ಕೆ ಬರಲೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಸಹಜ. ಹೊರಗಿನಿಂದ ಬಂದ ಗಿಡಕ್ಕೆ ಇಲ್ಲಿ ಶತ್ರುವಿಲ್ಲ. ಅದರ ತವರಿನ ಹುಳುವನ್ನು ತಂದು ಬಿಟ್ಟರೆ ಮುಗಿಯಿತು. ಆಡಳಿತ, ಚರಿತ್ರೆ ಎಂದೆಲ್ಲ ಸುತ್ತಿ ಬಳಸುವುದೇಕೆ ಎಂದು ಕೇಳಬಹುದು. ಈ ಮಾತಿಗೆ ದಕ್ಷಿಣ ಭಾರತದಲ್ಲೇ ಗಟ್ಟಿ ಆಧಾರವಿದೆ, ಅದು ಪಾಪಾಸು ಕಳ್ಳಿಯದು. ಕೆಂಪು ಬಣ್ಣದ ವ್ಯಾಪಾರದಲ್ಲಿ ಸ್ಪೇನಿನವರ ಏಕಸ್ವಾಮ್ಯವನ್ನು ಮುರಿಯುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲ್‌ನಿಂದ ಬಣ್ಣದ ಹುಳುವನ್ನು ತರಿಸಿತು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡು ಸಂಬಂಧಿ. ಬಣ್ಣದ ಉದ್ಯಮ ಏಳಲಿಲ್ಲ. ಆ ಹುಳು ಮಾತ್ರ ಅಂದು ಬೇಲಿಗಳಲ್ಲಿದ್ದ ಒಂದು ಜಾತಿಯ ಕಳ್ಳಿಯನ್ನು ಕಂಡ ಕಂಡಲ್ಲಿ ತಿಂದು ಮುಗಿಸಿತು. 1830ರ ದಶಕದಲ್ಲಿ ಅದನ್ನು ದಕ್ಷಿಣ ಭಾರತಕ್ಕೆ, ಮುಂದೆ ಅಲ್ಲಿಂದ ಸಿಂಹಳಕ್ಕೆ ಬೇಕೆಂದೇ ಒಯ್ದು ಬಿಟ್ಟರು. ಕಳೆಯನ್ನು ಕೀಟದಿಂದ ಹತ್ತಿಕ್ಕುವ ವಿದ್ಯೆಯ ಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ. ಆ ಹುಳು ಮುಟ್ಟದ ಇನ್ನೊಂದು ಜಾತಿಯ ಮುಳ್ಳುಕಳ್ಳಿ ಆಮೇಲೆ ಬಯಲುಸೀಮೆಯನ್ನು ಆವರಿಸಿತು. 1926ರಲ್ಲಿ ಅದಕ್ಕೆ ತಕ್ಕ ಬೇರೆ ಹುಳುವನ್ನು ತಂದಾಗ ಐದಾರು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್ ಹಸನಾಯಿತು. ಹಣ, ಆಳು, ಬೆಂಕಿ ಯಾವುದರಿಂದಲೂ ಆಗದ ಕೆಲಸವನ್ನು ಅಂಗೈ ಮೇಲೆ ಹಿಟ್ಟಿನಂತೆ ಕಾಣುವ ಒಂದು ಕೀಟ ಮಾಡಿತು ಎಂಬುದು ಸುಳ್ಳಲ್ಲ.

ಅದೇ ಉಪಾಯ ಲಂಟಾನದ ಮುಂದೆ ಸೋತದ್ದು ಯಾಕೆ ಎಂಬುದನ್ನು ನೋಡಿದರೆ ವಾದ ಮತ್ತೆ ಚರಿತ್ರೆಗೇ ಬರುತ್ತದೆ. ಲಂಟಾನದ ಕಾಯಿ ಕೊರೆಯುವ ನೊಣ 1921ರಲ್ಲಿ ಭಾರತಕ್ಕೆ ಬಂತು. ಎಲೆಯ ರಸ ಹೀರುವ ಟೆಲಿಯೊನೆಮಿಯಾ ಎಂಬ ತಿಗಣೆಯನ್ನು 1941ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಗೆ ತರಿಸಿದರು. ತೇಗದ ಹೂವನ್ನೂ ಅದು ತಿನ್ನಬಲ್ಲದು ಎಂದು ಪರೀಕ್ಷೆಯಲ್ಲಿ ಕಂಡಾಗ ಆ ತಳಿಯನ್ನು ನಾಶ ಮಾಡಲು ನಿರ್ಧರಿಸಿದರು. ಅಷ್ಟರಲ್ಲಿ ಅದು ತಪ್ಪಿಸಿಕೊಂಡಿತ್ತು, ಹತ್ತು ವರ್ಷದ ನಂತರ ಬಯಲಿನಲ್ಲಿ ಸಿಕ್ಕಿತು. ತೇಗಕ್ಕೆ ಭಯಪಟ್ಟಷ್ಟು ಕೇಡೇನೂ ಆಗಲಿಲ್ಲ, ಲಂಟಾನಕ್ಕೂ ಆಗಲಿಲ್ಲ. ಆಸ್ಟ್ರೇಲಿಯಾದಲ್ಲಿ 1914ರಿಂದ ಸುಮಾರು ಮೂವತ್ತು ಬಗೆಯ ಕೀಟಗಳನ್ನು ಬಿಟ್ಟೂ ಗಿಡ ಲಕ್ಷಾಂತರ ಹೆಕ್ಟೇರುಗಳಲ್ಲಿ ಉಳಿದಿದೆ. ಕಾರಣ ಯೂರೋಪಿನ ಆ ಗಾಜಿನ ಮನೆಗಳಲ್ಲಿದೆ. ಪಾಪಾಸು ಕಳ್ಳಿಯ ಒಂದೊಂದು ಜಾತಿಯೂ ಹೆಚ್ಚುಕಡಿಮೆ ಒಂದೇ ರೂಪದ ಗಿಡ, ಅದಕ್ಕೆ ಹೊಂದಿಕೊಂಡ ಹುಳು ಎಲ್ಲ ಕಡೆಯೂ ಅದನ್ನೇ ತಿನ್ನಬಲ್ಲದು. ಲಂಟಾನ ಎಂಬ ಒಂದೇ ಹೆಸರಿನಡಿ ಮನುಷ್ಯ ಬೆರೆಸಿದ ನೂರಾರು ತಳಿಗಳಿವೆ. ಅಮೆರಿಕದ ಕಾಡಿನಲ್ಲಿ ಯಾವುದೋ ಒಂದು ಮೂಲಜಾತಿಯ ಜೊತೆ ಬೆಳೆದ ಹುಳುವಿಗೆ ಇಲ್ಲಿನ ಬೆರಕೆ ಗಿಡ ಪೂರ್ತಿ ರುಚಿಸುವುದಿಲ್ಲ. ಮೂರು ಶತಮಾನಗಳ ಹಿಂದಿನ ಅಲಂಕಾರದ ಹಂಬಲ ಇಂದಿನ ಪ್ರಯೋಗಾಲಯದ ಕೈ ಕಟ್ಟಿದೆ.

ಹುಳು ಸೋತ ಮೇಲೆ ಉಳಿಯುವುದು ಹೊರಗಿನ ಜೀವಿಗೆ ಎಂಥ ನೆಲ ದಾರಿ ಕೊಡುತ್ತದೆ ಎಂಬ ಪ್ರಶ್ನೆ. ಈ ಬಗೆಯ ದಾಳಿಗಳ ಅಧ್ಯಯನಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟ ಚಾರ್ಲ್ಸ್ ಎಲ್ಟನ್ ಅವರ ವೃತ್ತಿಜೀವನವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕು. 1900ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಎಲ್ಟನ್ 1927ರಲ್ಲಿ ಬರೆದ 'ಅನಿಮಲ್ ಇಕಾಲಜಿ' ಆಹಾರ ಸರಪಳಿಯ ವಿಚಾರವನ್ನು ಎಲ್ಲರಿಗೂ ತಲುಪಿಸಿತು. ಅವರು ದುರ್ಬೀನು ಹಿಡಿದು ಕಾಡಿನಲ್ಲಿ ಕುಳಿತಷ್ಟೇ ಹೊತ್ತು ಹಳೆಯ ಕಡತಗಳ ಮುಂದೆಯೂ ಕುಳಿತವರು. ಕೆನಡಾದ ತುಪ್ಪಳ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಗೆ 1920ರ ದಶಕದಲ್ಲಿ ಸಲಹೆಗಾರರಾದಾಗ, ಕಂಪನಿಯ ಶತಮಾನಗಳ ಲೆಕ್ಕದ ಪುಸ್ತಕಗಳಿಂದ ಯಾವ ವರ್ಷ ಎಷ್ಟು ಲಿಂಕ್ಸ್ ಬೆಕ್ಕಿನ ಚರ್ಮ ಬಂತು ಎಂದು ಹೆಕ್ಕಿ, ಆ ಪ್ರಾಣಿಯ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ ಎಂದು ತೋರಿಸಿದರು. 1932ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಣಿಸಂಖ್ಯೆಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ತೆರೆದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಆ ಕೇಂದ್ರ ಬ್ರಿಟನ್ನಿನ ಆಹಾರ ದಾಸ್ತಾನನ್ನು ಇಲಿ ಹೆಗ್ಗಣಗಳಿಂದ ಕಾಯುವ ಕೆಲಸ ಮಾಡಿತು. ಹಡಗು ಹತ್ತಿ ಬಂದ ಪ್ರಾಣಿ ಊರನ್ನೇ ಹೇಗೆ ತಿನ್ನಬಲ್ಲದು ಎಂಬ ಅರಿವು ಅಲ್ಲಿ ಗಟ್ಟಿಯಾಗಿರಬೇಕು. 1957ರಲ್ಲಿ ಬಿಬಿಸಿಯಲ್ಲಿ ಮಾಡಿದ ಮೂರು ಭಾಷಣಗಳನ್ನು ವಿಸ್ತರಿಸಿ 1958ರಲ್ಲಿ ಅವರು ಪ್ರಾಣಿ ಮತ್ತು ಸಸ್ಯಗಳ ದಾಳಿಯನ್ನು ಕುರಿತ ಪುಸ್ತಕ ಹೊರತಂದರು. 1930ರ ಸುಮಾರಿಗೆ ಆಫ್ರಿಕದಿಂದ ಬ್ರೆಜಿಲ್ ಸೇರಿ ಮಲೇರಿಯಾದ ದೊಡ್ಡ ಪಿಡುಗನ್ನು ಎಬ್ಬಿಸಿದ ಸೊಳ್ಳೆಯಂಥ ಪ್ರಕರಣಗಳನ್ನು ಒಂದೊಂದಾಗಿ ಕಟ್ಟಿ, ಬಗೆಬಗೆಯ ಜೀವಿಗಳು ತುಂಬಿದ ಸಮುದಾಯಕ್ಕೆ ಹೊರಗಿನದು ನುಗ್ಗುವುದು ಕಷ್ಟ, ಸರಳಗೊಳಿಸಿದ ಹೊಲ, ತೋಪು, ದ್ವೀಪಗಳಲ್ಲಿ ಸುಲಭ ಎಂದು ವಾದಿಸಿದರು. ಪುಸ್ತಕದ ಕೊನೆಯಲ್ಲಿ ಅವರು ಕೇಳಿಕೊಂಡದ್ದು ಕೀಟನಾಶಕವನ್ನಲ್ಲ, ಹೊಲದ ಬೇಲಿಸಾಲು ಮತ್ತು ರಸ್ತೆಯಂಚಿನ ಕಾಡುಗಿಡಗಳನ್ನು ಉಳಿಸಿ ಎಂದು.

ಎಲ್ಟನ್ ವಾದಕ್ಕೆ ಪೆಟ್ಟುಗಳೂ ಬಿದ್ದಿವೆ, ಅವನ್ನು ಮರೆಮಾಚಿದರೆ ಈ ಬರಹ ಪ್ರಾಮಾಣಿಕವಾಗದು. 1970ರ ದಶಕದ ಆರಂಭದಲ್ಲಿ ರಾಬರ್ಟ್ ಮೇ ಗಣಿತದ ಮಾದರಿಗಳಿಂದ, ಜೀವಿಗಳ ಸಂಖ್ಯೆ ಹೆಚ್ಚಿದಷ್ಟಕ್ಕೇ ಸಮುದಾಯ ಸ್ಥಿರವಾಗಬೇಕೆಂಬ ನಿಯಮವಿಲ್ಲ ಎಂದು ತೋರಿಸಿದರು. 1999ರಲ್ಲಿ ಥಾಮಸ್ ಸ್ಟೋಲ್‌ಗ್ರೆನ್ ಮತ್ತು ಸಂಗಡಿಗರು ಅಮೆರಿಕದ ಹುಲ್ಲುಗಾವಲು, ಬೆಟ್ಟಗಳನ್ನು ಅಳೆದು, ಸ್ಥಳೀಯ ಸಸ್ಯಗಳು ಹೆಚ್ಚಿರುವ ಕಡೆಯೇ ಹೊರಗಿನವೂ ಹೆಚ್ಚಾಗಿ ಬಂದಿರುವುದನ್ನು ಕಂಡರು. ನೀರು, ಗೊಬ್ಬರ, ಬೆಳಕು ಚೆನ್ನಾಗಿರುವ ನೆಲ ಎಲ್ಲರನ್ನೂ ಕರೆಯುತ್ತದೆ. ನಮ್ಮ ಪಶ್ಚಿಮಘಟ್ಟವೇ ಇದಕ್ಕೆ ಸಾಕ್ಷಿ ಎನ್ನಬಹುದು: ಜಗತ್ತಿನ ಜೀವವೈವಿಧ್ಯದ ಸಿರಿನೆಲೆಗಳಲ್ಲಿ ಒಂದಾಗಿದ್ದೂ ಅದರ ಮಗ್ಗುಲಲ್ಲೇ ಲಂಟಾನ ಮತ್ತು ಯುಪಟೋರಿಯಂ ಎಂಬ ಇನ್ನೊಂದು ಕಳೆ ತುಂಬಿವೆ. ಆದರೆ ಒಂದೇ ತಾಕಿನ ಮಟ್ಟದಲ್ಲಿ ನೋಡಿದಾಗ ಎಲ್ಟನ್ ಹೇಳಿದ್ದು ಮತ್ತೆ ಮತ್ತೆ ನಿಜವಾಗಿದೆ; ನೆಲವನ್ನು ಯಾರಾದರೂ ಹಿಡಿದು ಕುಳಿತಿದ್ದರೆ ಹೊಸಬನಿಗೆ ಜಾಗ ಸಿಗುವುದಿಲ್ಲ. ಧಾರವಾಡದ ಸುತ್ತ ಪಾರ್ಥೇನಿಯಂ ವಿರುದ್ಧ ನಡೆದ ಕೆಲಸ ಇದನ್ನು ಚೆನ್ನಾಗಿ ತೋರಿಸುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದು, ಕಾಂಗ್ರೆಸ್ ಕಳೆ ಎಂದು ಹೆಸರಾಗಿ, ನಮ್ಮ ಊರೂರಲ್ಲಿ ಚರ್ಮದ ತುರಿಕೆ ಹಬ್ಬಿಸಿದ ಈ ಗಿಡಕ್ಕೆ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬಿಟ್ಟರು. ಸೂರ್ಯಕಾಂತಿಯ ಮೇಲೂ ಅದು ಕಂಡಾಗ ದೊಡ್ಡ ಗಲಾಟೆಯೆದ್ದು, ವಿಚಾರಣೆ ನಡೆದು, ಬೆಳೆಗೆ ಅಪಾಯವಿಲ್ಲ ಎಂದು ತೀರ್ಮಾನವಾಯಿತು. ಇನ್ನೊಂದು ದಾರಿಯನ್ನು ಬತ್ತದ ತಳಿವಿಜ್ಞಾನಿ ಎಂ. ಮಹದೇವಪ್ಪ ಹಿಡಿದರು. ತಗಚೆಯ ಸಂಬಂಧಿಯಾದ ಕ್ಯಾಸಿಯಾ ಗಿಡದ ಬೀಜ ಚೆಲ್ಲಿದರೆ ಮಳೆ ಬಿದ್ದೊಡನೆ ಅದು ದಟ್ಟವಾಗಿ ಎದ್ದು ಪಾರ್ಥೇನಿಯಂ ಸಸಿಗಳನ್ನು ಹತ್ತಿಕ್ಕುತ್ತದೆ ಎಂದು ಅವರು ಪ್ರಚಾರ ಮಾಡಿದರು. ಆ ಕ್ಯಾಸಿಯಾ ಕೂಡ ಅಮೆರಿಕದಿಂದ ಬಂದದ್ದೇ, ಆದ್ದರಿಂದ ಈ ಉಪಾಯವನ್ನು ಎಲ್ಲೆಡೆಗೆ ಒಪ್ಪಲಾಗದು. ಬರಿದಾದ ನೆಲವೇ ಕಳೆಯ ಮೂಲ ಎಂಬ ತಿಳಿವಳಿಕೆ ಮಾತ್ರ ಅದರಲ್ಲಿ ಸ್ಪಷ್ಟವಾಗಿದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನಕ್ಕೆ ದಾರಿಯಾದದ್ದು ಬೇರೆ ರೀತಿಯಲ್ಲಿ. ಅಲ್ಲಿನ ಸೋಲಿಗರು ಹಿಂದೆ ಚಳಿಗಾಲ ಮುಗಿಯುತ್ತ ಬಂದಾಗ, ಹುಲ್ಲು ಪೂರ್ತಿ ಒಣಗುವ ಮೊದಲೇ, ನೆಲದ ಎಲೆಕಸಕ್ಕೆ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಇಬ್ಬನಿಯ ತೇವ ಇನ್ನೂ ಇರುವ ಕಾಲವಾದ್ದರಿಂದ ಅದು ಮರ ಹತ್ತುತ್ತಿರಲಿಲ್ಲ, ತರಗನ್ನು ಮಾತ್ರ ಸುಟ್ಟು ಆರುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು, ಓಡಾಡಲು ದಾರಿ ಕಾಣುತ್ತಿತ್ತು, ಉಣ್ಣೆಗಳು ಸಾಯುತ್ತಿದ್ದವು. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೆಯ ಕಲಮಿನ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಇಡುವುದು ಅಪರಾಧ. ಬೇಸಾಯ, ಬೇಟೆಗಳ ಜೊತೆಗೆ ತರಗು ಬೆಂಕಿಯೂ ನಿಂತಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ, ಅಂಕಿಲಾ ಹಿರೇಮಠ ಮತ್ತು ಸಂಗಡಿಗರು ಸೋಲಿಗರ ವಸತಿಗಳಾದ ಪೋಡುಗಳಲ್ಲಿ ಹಿರಿಯರನ್ನು ಕೇಳಿದಾಗ ಅವರ ಹೇಳಿಕೆ ಒಂದೇ ದಿಕ್ಕಿಗೆ ಬೊಟ್ಟು ಮಾಡಿತು: ಲಂಟಾನ ಬಹಳ ಹಿಂದೆಯೇ ಬಂದಿತ್ತು, ಆದರೆ ಚದುರಿದಂತಿತ್ತು, ಬೆಂಕಿ ನಿಂತ ಮೇಲೆ ಮೆಳೆಯಾಯಿತು. ಇದೇ ಸಂಶೋಧಕರ ಅಳತೆ ಈ ಹಬ್ಬುವಿಕೆಯ ವೇಗವನ್ನು ತೋರಿಸುತ್ತದೆ. 134 ತಾಕುಗಳನ್ನು 1997ರಲ್ಲೂ 2008ರಲ್ಲೂ ನೋಡಿದಾಗ, ಮೊದಲ ಬಾರಿ ಶೇಕಡಾ 41ರಷ್ಟರಲ್ಲಿದ್ದ ಲಂಟಾನ ಎರಡನೆಯ ಬಾರಿ ಶೇಕಡಾ 81ರಷ್ಟರಲ್ಲಿತ್ತು. ಕಾಡಿನ ಪ್ರತಿ ಇಪ್ಪತ್ತು ಕಾಂಡಗಳಲ್ಲಿ ಒಂದಾಗಿದ್ದದ್ದು ಹನ್ನೊಂದು ವರ್ಷಗಳಲ್ಲಿ ಮೂರರಲ್ಲಿ ಒಂದರ ಸಮೀಪಕ್ಕೆ ಬಂದಿತ್ತು. ಗಮನಿಸಬೇಕಾದ್ದು ಇದು: ಈ ಏರಿಕೆ ಆದದ್ದು ಕಾಡು ಅತ್ಯಂತ ಬಿಗಿಯಾದ ಕಾವಲಿನಲ್ಲಿದ್ದ ಕಾಲದಲ್ಲಿ. ಮರ ಕಡಿಯುವವರಿಂದ, ಬೇಟೆಗಾರರಿಂದ ಕಾಡನ್ನು ಕಾದ ಕಾನೂನು ಗಿಡದಿಂದ ಅದನ್ನು ಕಾಯಲಿಲ್ಲ.

ಸೋಲಿಗರ ಮಾತನ್ನು ಅನುಮಾನಿಸುವವರಿಗೆ ಎರಡು ಕಾರಣಗಳಿವೆ, ಎರಡೂ ಹಗುರವಾದವಲ್ಲ. ಒಂದು, ನೆನಪಿನ ಸಾಕ್ಷ್ಯ. ಬೆಂಕಿ ನಿಂತ ಕಾಲಕ್ಕೇ ಬೇರೆ ಹಲವು ಬದಲಾವಣೆಗಳೂ ಆದವು. ಬಿದಿರು ಹೂಬಿಟ್ಟು ಸತ್ತು ನೆಲ ಬಯಲಾದದ್ದುಂಟು, ರಸ್ತೆ ಅಗಲವಾದದ್ದುಂಟು, ಸುತ್ತಲ ಊರುಗಳಿಂದ ಹಕ್ಕಿಗಳು ಬೀಜ ತಂದದ್ದುಂಟು. ಹಾಗಿರುವಾಗ ಒಂದೇ ಕಾರಣಕ್ಕೆ ಗಂಟುಹಾಕುವುದು ಸರಿಯೇ? ಸರಿಯಲ್ಲ, ಸಂಶೋಧಕರೂ ಹಾಗೆ ಮಾಡಿಲ್ಲ. ಆದರೆ ಸೋಲಿಗರ ಇನ್ನೊಂದು ಹೇಳಿಕೆ ಪರೀಕ್ಷೆಗೆ ನಿಂತಿದೆ. ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ವಿಪರೀತವಾಗಿ ಹತ್ತಿದ್ದು ಕೂಡ ಬೆಂಕಿ ನಿಂತದ್ದರಿಂದಲೇ ಎಂದು ಅವರು ಹೇಳುತ್ತ ಬಂದಿದ್ದರು. ಬಂದಳಿಕೆ ನೆಲ್ಲಿಯ ಇಳುವರಿಯನ್ನೂ ಆಯುಷ್ಯವನ್ನೂ ತಿನ್ನುತ್ತದೆ ಎಂಬುದನ್ನು ವಿಜ್ಞಾನಿಗಳು ಆಮೇಲೆ ಅಳೆದು ಗಂಭೀರವಾಗಿ ತೆಗೆದುಕೊಂಡರು. ಕಾಡನ್ನು ದಿನವೂ ನೋಡುವವರ ಗಮನಕ್ಕೆ ಹಡ್ಸನ್ಸ್ ಬೇ ಗುಮಾಸ್ತರ ದಾಖಲೆಗೆ ಕೊಟ್ಟಷ್ಟು ಬೆಲೆಯನ್ನಾದರೂ ಕೊಡಬೇಕು. ಎರಡನೆಯ ಆಕ್ಷೇಪ ಬೆಂಕಿಯದೇ. 2005ರಲ್ಲಿ ಹಿರೇಮಠ ಮತ್ತು ಸುಂದರಂ ಅವರೇ ಮಂಡಿಸಿದ ಊಹೆಯ ಪ್ರಕಾರ ಬೆಂಕಿ ಮತ್ತು ಲಂಟಾನ ಒಂದನ್ನೊಂದು ಬೆಳೆಸುತ್ತವೆ. ಸುಟ್ಟ ನೆಲದಲ್ಲಿ ಲಂಟಾನ ಮೊದಲು ಚಿಗುರುತ್ತದೆ, ಒಣಗಿದ ಲಂಟಾನ ಮುಂದಿನ ಬೆಂಕಿಯನ್ನು ಮರದ ನೆತ್ತಿಗೆ ಏರಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟದ್ದನ್ನು ಕಂಡವರಿಗೆ ಬೆಂಕಿ ಇಡಿ ಎಂಬ ಸಲಹೆ ಹುಚ್ಚೆನಿಸುವುದು ಸಹಜ. ಆದರೆ ಬೇಸಿಗೆಯ ನಡುವೆ ಒಣ ಮೆಳೆಗೆ ಬಿದ್ದ ಬೆಂಕಿಗೂ, ಜನವರಿಯ ತೇವದಲ್ಲಿ ತೆಳು ತರಗಿನ ಮೇಲೆ ಹರಿದು ಆರುವ ಬೆಂಕಿಗೂ ಕೆಲಸವೇ ಬೇರೆ. ಮೆಳೆ ಕಟ್ಟುವ ಮುಂಚೆ ಸಸಿಯನ್ನು ಸುಡುತ್ತಿದ್ದ ಬೆಂಕಿಯನ್ನು ನಿಲ್ಲಿಸಿದೆವು, ಮೆಳೆ ಕಟ್ಟಿದ ಮೇಲೆ ಕಾಡನ್ನೇ ಸುಡುವ ಬೆಂಕಿ ಬಂತು. ಇಂದು ದಟ್ಟ ಲಂಟಾನವಿರುವಲ್ಲಿ ಹಳೆಯ ಪದ್ಧತಿಯನ್ನು ನೇರವಾಗಿ ಮರಳಿ ತರುವುದು ಅಪಾಯ ಎಂಬುದನ್ನು ಒಪ್ಪುತ್ತೇನೆ. ಮೊದಲು ಪೊದೆ ತೆಗೆಯಬೇಕು, ಆಮೇಲೆ ಬೆಂಕಿಯ ಮಾತು.

ಇನ್ನೂ ಆಳದ ಪ್ರಶ್ನೆಯೊಂದನ್ನು 2011ರಲ್ಲಿ ಮಾರ್ಕ್ ಡೇವಿಸ್ ಮತ್ತು ಹದಿನೆಂಟು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಎತ್ತಿದರು. ಜೀವಿಯನ್ನು ಅದರ ಹುಟ್ಟೂರಿನಿಂದ ಅಳೆಯಬೇಡಿ, ಅದು ಮಾಡುವ ಕೆಲಸದಿಂದ ಅಳೆಯಿರಿ ಎಂಬುದು ಅವರ ತಕರಾರು. ಮೆಣಸಿನಕಾಯಿ, ಶೇಂಗಾ, ಸೀಬೆ, ಗೋಡಂಬಿ ಎಲ್ಲವೂ ಅಮೆರಿಕದಿಂದ ಬಂದು ನಮ್ಮ ಅಡುಗೆಮನೆ ಸೇರಿವೆ, ಅವುಗಳ ಮೇಲೆ ಯಾರಿಗೂ ಮುನಿಸಿಲ್ಲ. ಮನುಷ್ಯ ಹೊತ್ತು ತಂದ 37,000ಕ್ಕೂ ಹೆಚ್ಚು ಜೀವಿಗಳಲ್ಲಿ ಹಾನಿಕರವೆಂದು ದಾಖಲಾದವು ಸುಮಾರು 3,500 ಎಂದು 2023ರ ಅಂತರಸರ್ಕಾರಿ ವರದಿ ಹೇಳುತ್ತದೆ. ಹತ್ತರಲ್ಲಿ ಒಂದು. ಈ ಆಕ್ಷೇಪವನ್ನು ನಾನು ಮನಸಾರೆ ಒಪ್ಪುತ್ತೇನೆ, ಯಾಕೆಂದರೆ ಅದು ನನ್ನ ವಾದಕ್ಕೆ ವಿರೋಧಿಯಲ್ಲ. ಲಂಟಾನದ ತಪ್ಪು ಅದು ಬ್ರೆಜಿಲ್‌ನದಾಗಿರುವುದರಲ್ಲಿಲ್ಲ. ಅದರ ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಹಲವು ಮರಗಳ ಸಸಿ ಏಳುವುದಿಲ್ಲ, ಜಿಂಕೆ ಕಡವೆಗಳಿಗೆ ಮೇವಿಲ್ಲ, ಎದುರಿಗೆ ಆನೆ ನಿಂತಿದ್ದರೂ ದಾರಿಹೋಕನಿಗೆ ಕಾಣುವುದಿಲ್ಲ. ಚಿಟ್ಟೆಗೆ ಮಕರಂದ, ಪಿಕಳಾರಕ್ಕೆ ಹಣ್ಣು ಕೊಡುತ್ತದೆ ಎಂಬುದು ನಿಜ. ಆದರೆ ಆ ಕಾಡಿನಲ್ಲಿ ಮೊದಲಿದ್ದ ಪೊದೆಗಳೂ ಅದನ್ನು ಕೊಡುತ್ತಿದ್ದವು, ಜೊತೆಗೆ ಹುಲ್ಲಿಗೂ ಜಾಗ ಬಿಡುತ್ತಿದ್ದವು.

ಹಾಗಾದರೆ ಬಳಸಿ ಮುಗಿಸೋಣ ಎನ್ನುವವರೂ ಇದ್ದಾರೆ. ಬಿದಿರು ಸಿಗದಂತಾದಾಗ ಬುಟ್ಟಿ ಹೆಣೆಯುವ ಸಮುದಾಯಗಳು ತಾವಾಗಿಯೇ ಲಂಟಾನದ ಕಡ್ಡಿಗೆ ತಿರುಗಿದವು. 2004ರ ಸುಮಾರಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆ ಸೋಲಿಗರಿಗೆ ಲಂಟಾನದ ಕುರ್ಚಿ, ಮೇಜು ಮಾಡುವ ಕೆಲಸ ಕಲಿಸಿತು. ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಾಗಿಸಿದರೆ ಬೆತ್ತದ ಹಾಗೆ ಬಾಗುತ್ತದೆ, ಗೆದ್ದಲು ಹಿಡಿಯುವುದಿಲ್ಲ. ಆದಿವಾಸಿ ಕುಶಲಿಗಳು ಲಂಟಾನದಿಂದ ಹೆಣೆದ ನಿಜಗಾತ್ರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ನಮ್ಮ ಲಾಲ್‌ಬಾಗಿನಲ್ಲಿ ನಿಂತವು. ಈ ಕೆಲಸ ಹಲವು ಮನೆಗಳಿಗೆ ಅನ್ನ ಕೊಟ್ಟಿದೆ, ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ಲಕ್ಷ ಚದರ ಕಿಲೋಮೀಟರಿನ ಗಿಡವನ್ನು ಕುರ್ಚಿಗಳು ಕರಗಿಸಲಾರವು, ಅದೂ ಕತ್ತರಿಸಿದ ಬುಡ ಮತ್ತೆ ಚಿಗುರುವಾಗ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ಟಿನಲ್ಲಿ ರೂಢಿಸಿದ ಕ್ರಮದಲ್ಲಿ ಮಾತ್ರ ಸ್ವಲ್ಪ ಭರವಸೆ ಕಾಣುತ್ತದೆ. ಕಾಂಡ ಬೇರಾಗುವ ಗಂಟಿನ ಕೆಳಗೆ ಕಡಿದು ಬುಡ ಮೇಲು ಮಾಡಬೇಕು, ಹಕ್ಕಿ ಕೂರುವ ಮರಗಳ ಅಡಿಯ ಸಸಿಗಳನ್ನು ಕೆಲವು ವರ್ಷ ಕೀಳುತ್ತಿರಬೇಕು, ತೆರವಾದ ನೆಲಕ್ಕೆ ಕೂಡಲೇ ಸ್ಥಳೀಯ ಹುಲ್ಲನ್ನು ತರಬೇಕು. ಈ ಮೂರರಲ್ಲಿ ಕೊನೆಯ ಎರಡನ್ನು ಗುತ್ತಿಗೆ ಕೊಟ್ಟು ಮಾಡಿಸಲಾಗದು. ಒಂದು ಹಂಗಾಮಿನ ಬಿಲ್ಲು ಪಾಸಾದ ಮೇಲೂ ಆ ತಾಕಿಗೆ ಮತ್ತೆ ಮತ್ತೆ ಬಂದು ನೋಡುವವರು ಬೇಕು.

ಅಂಥವರು ಅಲ್ಲೇ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ಕೊಟ್ಟದ್ದು ದೇಶದಲ್ಲಿ ಅದೇ ಮೊದಲು. ಆ ಹಕ್ಕಿನಲ್ಲಿ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವೂ ಸೇರಿದೆ. ವನ್ಯಜೀವಿ ಕಾಯಿದೆಯ ನಿಷೇಧ ಒಂದು ಕಡೆ, ಈ ಅಧಿಕಾರ ಇನ್ನೊಂದು ಕಡೆ ಎಳೆಯುತ್ತಿರುವಾಗ ಲಂಟಾನ ಕಾಯುತ್ತ ಕೂರುವುದಿಲ್ಲ. ವಯನಾಡಿನಲ್ಲಿ ನೆರಳಿಗೆಂದು ಅರಣ್ಯ ಇಲಾಖೆಯೇ ನೆಟ್ಟ ಸೆನ್ನಾ ಸ್ಪೆಕ್ಟಬಿಲಿಸ್ ಎಂಬ ಹಳದಿ ಹೂವಿನ ಮರ ಈಗಾಗಲೇ ಗಡಿ ದಾಟಿ ಬಂಡೀಪುರ, ನಾಗರಹೊಳೆಗಳಲ್ಲಿ ತಲೆಯೆತ್ತಿದೆ. ಎರಡು ಕೆಲಸಗಳನ್ನು ಸರ್ಕಾರ ಮಾಡಬೇಕೆಂದು ಈ ಚರಿತ್ರೆ ಕೇಳುತ್ತದೆ. ಕೊಡಗು, ಮೈಸೂರು, ಮದರಾಸು ಪ್ರಾಂತ್ಯಗಳ ಹಳೆಯ ಅರಣ್ಯ ಕಾರ್ಯಯೋಜನೆಗಳನ್ನೂ ವಾರ್ಷಿಕ ವರದಿಗಳನ್ನೂ ಸಂಶೋಧಕರಿಗೆ ತೆರೆದಿಡಲಿ. ಯಾವ ವರ್ಷ ಎಲ್ಲಿ ಮರ ಕಡಿದರು, ಎಲ್ಲಿ ಬೆಂಕಿ ನಿಲ್ಲಿಸಿದರು ಎಂಬುದು ಅಲ್ಲಿ ದಾಖಲಾಗಿದೆ. ಲಂಟಾನ ತೆಗೆದ ತಾಕುಗಳಲ್ಲಿ, ಗ್ರಾಮಸಭೆಗಳ ಮುಂದಾಳತ್ವದಲ್ಲಿ, ಅರಣ್ಯ ಸಿಬ್ಬಂದಿ ಪಕ್ಕದಲ್ಲಿದ್ದು, ವಿಜ್ಞಾನಿಗಳು ಅಳೆಯುತ್ತಿರುವಂತೆ ತರಗು ಬೆಂಕಿಯನ್ನು ಹತ್ತು ವರ್ಷವಾದರೂ ನಡೆಸಿ ನೋಡಲು ಕಾನೂನು ದಾರಿ ಬಿಡಲಿ. ಸೋಲಿಗರ ಮಾತು ತಪ್ಪಾಗಿದ್ದರೆ ಅದು ಅಳತೆಯಲ್ಲಿ ಗೊತ್ತಾಗುತ್ತದೆ. ತರಗು ಬೆಂಕಿಯನ್ನು ತಮ್ಮ ಕೈಯಾರೆ ಇಟ್ಟು ಗೊತ್ತಿರುವ ಹಿರಿಯರು ಪೋಡುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಈ ಕೆಲಸ ಶುರುವಾಗಲಿ.